ಆರರ ಮೇಲೊಂದು

ಮಡಿವಾಳನಿಗೆ ಬಟ್ಟೆ ಎಣಿಸಿಕೊಡುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ನಾನಾಗಿ ಕೇಳಿ ಪಡೆದದ್ದಲ್ಲ. ನನ್ನಿಂದ ಕೆಡದೆ ಆಗುವಂಥ ಕೆಲಸ ಯಾವುದಾದರೂ ಇದೆಯೇ ಎಂದು ಬಹಳ ದಿನ ಹುಡುಕಿ, ಕೊನೆಗೆ ನನ್ನ ಹೆಂಡತಿ ಗೌರವ್ವ ಇದನ್ನು ಗೊತ್ತುಮಾಡಿದಳು. ಮೊನ್ನೆ ಸೋಮವಾರ ಪಡಸಾಲೆಯಲ್ಲಿ ಕುಳಿತು ಧೋತರ ಎಣಿಸುತ್ತಿದ್ದೆ. ನಾಲ್ಕು, ಐದು, ಆರು, ಆರರ ಮೇಲೊಂದು, ಎಂಟು. ಮಡಿವಾಳ ಹೊಸಬ. ಗಂಟು ಬಿಗಿಯುತ್ತಿದ್ದವನು ಕೈ ತಡೆದು ನನ್ನ ಮುಖ ನೋಡಿದ.

"ನಡುವ ಏನೋ ತಪ್ಪಿದಂಗಾತ್ರಿ, ಮಾಸ್ತರ."

ನಾನು ಬಾಯಿ ತೆರೆಯುವುದರೊಳಗೆ ಒಳಗಿನಿಂದ ಗೌರವ್ವನ ದನಿ ಬಂತು. "ತಪ್ಪಿಲ್ಲಪಾ. ಅವರು ಪುಣೇದಾಗ ಬಿ.ಎ. ಮಾಡ್ಯಾರ. ಅಲ್ಲಿ ಹಂಗ ಕಲಸ್ತಾರ."

ನಿಜ ಹೇಳಬೇಕೆಂದರೆ ಆ ಅಂಕಿಯನ್ನು ನಾನು ಬರೆಯಬಲ್ಲೆ, ಕೂಡಿಸಬಲ್ಲೆ, ಕಳೆಯಬಲ್ಲೆ, ಸಾಲೆಯ ಹುಡುಗರಿಗೆ ಅದರ ಮಗ್ಗಿಯನ್ನೂ ಕಲಿಸಿದ್ದೇನೆ. ಆದರೆ ಸಾಮಾನುಗಳನ್ನು ಎದುರಿಗಿಟ್ಟುಕೊಂಡು ಬಾಯಿಬಿಟ್ಟು ಎಣಿಸುವಾಗ ಮಾತ್ರ ಆರರ ಮುಂದೆ ನಾಲಿಗೆ ಸುತ್ತಿ ಬೇರೆ ದಾರಿ ಹಿಡಿಯುತ್ತದೆ. ಇದು ಮಲಪ್ರಭೆಯ ನಡುನೀರಿನಲ್ಲಿ ನನಗೆ ಅಂಟಿಕೊಂಡ ಚಟ.

ಕಾಲೇಜಿನ ಕಾಲದಿಂದ ದಿನಚರಿ ಬರೆಯುತ್ತ ಬಂದವನು ನಾನು. ಮಡಿವಾಳ ಹೋದ ಮೇಲೆ ಹಳೆಯ ವಹಿ ತೆಗೆದು ಆ ದಿನದ ಪುಟ ನೋಡಿದೆ. ಅಲ್ಲಿರುವುದು ಇಷ್ಟೇ: "ಮುಂಜಾನೆ ಹೊಳೆ ದಾಟಿದೆವು. ಬಟ್ಟೆ ತೊಯ್ದವು. ಮಧ್ಯಾಹ್ನ ಬಾದಾಮಿ. ಹೋಳಿಗೆ ಚೆನ್ನಾಗಿತ್ತು." ಓದಿ ನನಗೇ ನಾಚಿಕೆಯಾಯಿತು. ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ, ಒಟ್ಟಿನಲ್ಲಿ ಮಾತ್ರ ಪೂರ್ತಿ ಸುಳ್ಳು. ಇನ್ನು ನೆನಪಿನಿಂದ ಬರೆಯೋಣವೆಂದರೆ ಅದೂ ನಂಬುವಂಥದ್ದಲ್ಲ. ದಿನಚರಿ ಮುಚ್ಚಿಡುತ್ತದೆ, ನೆನಪು ಕಸೂತಿ ಹಾಕುತ್ತದೆ. ಕಸೂತಿಯ ಅಡಿಯಲ್ಲಿ ಬಟ್ಟೆ ಎಲ್ಲಿದೆಯೆಂದು ನೀವೇ ಮುಟ್ಟಿ ನೋಡಿಕೊಳ್ಳಬೇಕು.

ನಾನು ಇಳಕಲ್ಲಿನ ನೇಕಾರರ ಮನೆಯವನು. ತಾಯಿಯ ಮುಖ ಕಂಡವನಲ್ಲ. ಬೆಳೆಸಿದವಳು ತಂದೆಯ ಅಕ್ಕ, ನೀಲವ್ವ ಅತ್ತೆ. ನನ್ನ ಬಾಲ್ಯದ ವಾಸನೆಯೆಂದರೆ ನೂಲಿಗೆ ಬಳಿಯುವ ಗಂಜಿಯ ವಾಸನೆ, ಸಪ್ಪಳವೆಂದರೆ ಮಗ್ಗದ ಸಪ್ಪಳ. ತಂದೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತರೆ ಸೊಂಟದಿಂದ ಮೇಲೆ ಮಾತ್ರ ಕಾಣುತ್ತಿದ್ದ. ಬಹಳ ದಿನ ನಾನು, ಅಪ್ಪಂದಿರೆಲ್ಲ ನೆಲದಿಂದ ಅರ್ಧ ಮೊಳೆತವರು ಎಂದೇ ತಿಳಿದಿದ್ದೆ. ಅತ್ತೆಯದು ಕೊಂಡಿ ಹಾಕುವ ಕೆಲಸ. ಇಳಕಲ್ ಸೀರೆಯ ಒಡಲು ಹತ್ತಿಯದು, ಸೆರಗು ಕೆಂಪು ರೇಷ್ಮೆಯದು. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಒಂದೊಂದು ಎಳೆಗೆ ಕುಣಿಕೆ ಹಾಕಿ ಕೂಡಿಸಬೇಕು. ಅದಕ್ಕೆ ಕೊಂಡಿ ಎಂದು ಹೆಸರು. ಸಾವಿರಾರು ಎಳೆ, ಸಾವಿರಾರು ಕುಣಿಕೆ. "ಎಷ್ಟ ಆದವು ಅತ್ತಿ?" ಎಂದು ಕೇಳಿದರೆ "ಎಣಿಸಬ್ಯಾಡ, ಹಾಕು" ಎನ್ನುತ್ತಿದ್ದಳು. ನಾನೂ ಹಾಕುತ್ತಿದ್ದೆ. ನಾನು ಆಡಲಿಕ್ಕೆ ಓಡಿದ ಮೇಲೆ ನನ್ನ ಕುಣಿಕೆಗಳನ್ನೆಲ್ಲ ಬಿಚ್ಚಿ ಅವಳು ಮತ್ತೆ ಹಾಕುತ್ತಿದ್ದಳೆಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ, ಪಕ್ಕದ ಮನೆಯವರಿಂದ.

ಬಿ.ಎ. ಮುಗಿದ ವರ್ಷ ದೀಪಾವಳಿ ಕಳೆದ ಮೇಲೆ ಬಾದಾಮಿಯ ನೂಲಿನ ಸಾವಕಾರರೊಬ್ಬರ ಮನೆಯಿಂದ ಕನ್ಯೆಯ ಮಾತು ಬಂತು. ಹುಡುಗ ತಾನೇ ಹೋಗಿ ಹುಡುಗಿಯನ್ನು ನೋಡುವುದು ನಮ್ಮವರಲ್ಲಿ ಆಗ ಇನ್ನೂ ಇರಲಿಲ್ಲ. ನಾನು ಹಟ ಹಿಡಿದೆ. ಮಗ್ಗದ ಮೇಲೆ ಹೊಸ ಸೀರೆಯ ಹಾಸುನೂಲು ಏರಿದ್ದರಿಂದ ತಂದೆ ಬರುವಂತಿರಲಿಲ್ಲ. "ಹುಡುಗನ ಜೊತಿ ನಾ ಹೋಗಿ ಬರ್ತೇನಿ" ಎಂದು ಅತ್ತೆ ಹೊರಟಳು. ಹುನಗುಂದದ ಮೇಲೆ ಹಾಯ್ದು ಬಂಡಿಯಲ್ಲಿ ಪಟ್ಟದಕಲ್ಲಿನ ಎದುರು ದಂಡೆಗೆ ಬಂದೆವು. ಹೊಳೆ ದಾಟಿದರೆ ಆಚೆ ಸಾವಕಾರರು ತಮ್ಮ ಬಂಡಿ ತಂದು ಕಾಯುತ್ತೇವೆಂದು ಹೇಳಿಕಳಿಸಿದ್ದರು.

ಮಂದಿಯನ್ನು ದಾಟಿಸುವ ದೊಡ್ಡ ಹರಗೋಲು ಚರ್ಮ ಹರಿದು ದಂಡೆಯ ಮೇಲೆ ಬೋರಲು ಬಿದ್ದಿತ್ತು. ನೀರಿನಲ್ಲಿದ್ದದ್ದು ಮೀನು ಹಿಡಿಯುತ್ತ ಒಬ್ಬಿಬ್ಬರನ್ನು ದಾಟಿಸುತ್ತಲೂ ಇದ್ದ ದುರ್ಗಪ್ಪನ ಸಣ್ಣ ಹರಗೋಲು ಒಂದೇ. ಹರಗೋಲನ್ನು ಕಾಣದವರಿಗೆ ಹೇಳುತ್ತೇನೆ. ಅದೊಂದು ಬಿದಿರಿನ ದೊಡ್ಡ ಬುಟ್ಟಿ, ಹೊರಗೆ ಎಮ್ಮೆಯ ಚರ್ಮ ಹೊದಿಸಿರುತ್ತಾರೆ. ಅದಕ್ಕೆ ಮುಂದಿಲ್ಲ, ಹಿಂದಿಲ್ಲ. ನೀರಿನ ಮೇಲೆ ಅದು ಹೋಗುವುದೂ ಹೌದು, ತಿರುಗುವುದೂ ಹೌದು. ದುರ್ಗಪ್ಪ ಮೊಣಕಾಲೂರಿ ಕುಳಿತು ಮುಂಜಾನೆಯ ಮೀನುಗಳನ್ನು ಬುಟ್ಟಿಗೆ ಹಾಕುತ್ತಿದ್ದ. ಬಾಯಲ್ಲಿ, ಒಂದು ಎನ್ನುವ ಬದಲು ಲಾಭ ಎಂದು ಶುರುಮಾಡುವ ವ್ಯಾಪಾರದವರ ಎಣಿಕೆ ನಡೆದಿತ್ತು: "ಲಾಭ, ಎರಡು, ಮೂರು, ನಾಕು, ಐದು, ಆರು, ಆರರ ಮ್ಯಾಲೊಂದು, ಎಂಟು."

ಅತ್ತೆ ಎರಡು ಹೆಜ್ಜೆ ಹಿಂದೆ ಸರಿದಳು. ಬಸವಣ್ಣನ ಹೆಸರೆತ್ತದೆ ತುತ್ತು ಬಾಯಿಗಿಡದವಳು, ಮೀನಿನ ಮುಖವನ್ನು ಅಷ್ಟು ಹತ್ತಿರದಿಂದ ಎಂದೂ ನೋಡಿದವಳಲ್ಲ.

"ಇದರಾಗ ಮೀನ ಅದಾವಲ್ಲಪಾ."

"ಅದಾವ್ರಿ ಅವ್ವಾರ. ಅವೂ ಆಚೀ ದಂಡಿಗೇ ಹೊಂಟಾವ."

"ನಾನೂ ಅವೂ ಒಂದ ಗಾಡ್ಯಾಗ ಹೋಗೂದೇನು?"

"ಅವು ಆ ಕಡೆ, ನೀವು ಈ ಕಡೆ. ಮುಟ್ಟಗೊಡೂದಿಲ್ಲ. ನಲವತ್ತು ವರ್ಷಾತ್ರಿ ಹುಟ್ಟು ಹಿಡದು. ಇನ್ನೂತನಾ ಒಬ್ಬರ ಸೆರಗಿನ ತುದಿ ತೊಯ್ಸಿಲ್ಲ. ಬೇಕಾದ್ರ ಎರಡೂ ದಂಡಿ ಮಂದೀನ ಕೇಳ್ರಿ."

ಇದನ್ನು ಅವನು ಬಡಾಯಿಯಾಗಿ ಹೇಳಲಿಲ್ಲ, ತನ್ನ ಅಪ್ಪನ ಹೆಸರು ಹೇಳುವಂತೆ ಹೇಳಿದ. ಅದೊಂದೇ ಅವನ ಆಸ್ತಿಯೆಂದು ನನಗೆ ಆಗ ತಿಳಿಯಲಿಲ್ಲ. ಅತ್ತೆ ಹತ್ತಿದಳು. ಸೆರಗನ್ನು ಮೂಗಿನ ಮೇಲೆ, ಆಮೇಲೆ ಕಣ್ಣಿನ ಮೇಲೂ ಎಳೆದುಕೊಂಡು ಬುಟ್ಟಿಗೆ ಬೆನ್ನು ಮಾಡಿ ಕುಳಿತಳು. ಎದೆಯ ಮೇಲಿನ ಬೆಳ್ಳಿಯ ಕರಡಿಗೆಯನ್ನು, ಅಂದರೆ ಇಷ್ಟಲಿಂಗವಿಟ್ಟ ಪುಟ್ಟ ಪೆಟ್ಟಿಗೆಯನ್ನು, ಒಂದು ಕೈಯಲ್ಲಿ ಹಿಡಿದು ಮಣಮಣ ಜಪ ಶುರು ಮಾಡಿದಳು.

ನಾನು ಕರಿಯ ಟೋಪಿ, ಗುಂಡಿಯ ಕೋಟು ತೊಟ್ಟ ಪದವೀಧರ. ನಡುಹೊಳೆಗೆ ಬರುವವರೆಗೂ ಸುಮ್ಮನಿದ್ದದ್ದೇ ಹೆಚ್ಚು.

"ದುರ್ಗಪ್ಪ, ಎಣಿಸುವಾಗ ಒಂದು ಅಂಕಿ ಬಿಡ್ತೀಯಲ್ಲ, ಅದೇನು ಪಾಪ ಮಾಡೇತಿ?"

"ಹೊಳಿ ಮ್ಯಾಲೆ ಅದನ್ನ ಅನ್ನೂದಿಲ್ರಿ."

"ಯಾಕ?"

"ನಮ್ಮಪ್ಪ ಅಂತಿದ್ದಿಲ್ಲ."

"ಅವ ಯಾಕ ಅಂತಿದ್ದಿಲ್ಲ?"

"ಅದನ್ನ ಹೇಳಬೇಕಂದ್ರ ಆ ಅಂಕೀನ ಅನಬೇಕಾಗತೈತ್ರಿ. ದಂಡಿ ಮುಟ್ಟಲಿ, ಹೇಳ್ತೇನಿ. ಈಗ ಸುಮ್ಕ ಕುಂದರ್ರಿ."

ಸುಮ್ಮನೆ ಕೂರುವುದನ್ನು ಪುಣೆಯಲ್ಲಿ ನನಗೆ ಕಲಿಸಿರಲಿಲ್ಲ. ಮೂಢನಂಬಿಕೆಯ ಬಗ್ಗೆ ನಾಲ್ಕು ಮಾತು ಹೇಳಿದೆ. ಅಂಕಿಗೂ ಹೊಳೆಗೂ ಏನು ಸಂಬಂಧ ಎಂದು ಕೇಳಿದೆ. ಅವನು ಹುಟ್ಟು ಹಾಕುತ್ತಲೇ ಇದ್ದ. ಅದು ನನ್ನನ್ನು ಕೆಣಕಿತು. ಬುಟ್ಟಿಯ ಮೇಲಿನ ಅರಿವೆ ಸರಿಸಿ, ಮೀನುಗಳ ಮೇಲೆ ಬೆರಳಾಡಿಸುತ್ತ, ಸಾಲೆಯ ಹುಡುಗರಿಗೆ ಹೇಳುವಂತೆ ಗಟ್ಟಿಯಾಗಿ ಎಣಿಸಿದೆ. "ನಾಲ್ಕು, ಐದು, ಆರು, ಏಳು."

ಅತ್ತೆ ಎದ್ದಳು.

ಅವಳ ತಪ್ಪೇನು? ಕಣ್ಣು ಮುಚ್ಚಿ ಜಪದಲ್ಲಿದ್ದವಳ ಕಿವಿಗೆ ಹಿಂದಿನದೇನೂ ಬಿದ್ದಿಲ್ಲ. ತಾನು ಸಾಕಿದ ಹುಡುಗನ ದನಿ ಗಟ್ಟಿಯಾಗಿ "ಏಳು" ಎಂದದ್ದಷ್ಟೇ ಬಿತ್ತು. ದಂಡೆ ಬಂತೆಂದುಕೊಂಡಳು. ನನ್ನ ಮಾತನ್ನು ಎರಡನೆಯ ಸಲ ಕೇಳಿ ತಿಳಿದುಕೊಳ್ಳುವ ಪದ್ಧತಿ ಅವಳಿಗಿರಲಿಲ್ಲ. ಮರಾಠಿ ಅಂಬಿಗರು ಸಾತ್ ಅಂದುಕೊಂಡು ಸುಖವಾಗಿದ್ದಾರೆ. ಎಣಿಕೆಗೂ ಎಬ್ಬಿಸುವುದಕ್ಕೂ ಒಂದೇ ಶಬ್ದ ಇಟ್ಟುಕೊಂಡ ನಮ್ಮವರು ಮಾತ್ರ ಹೊಳೆಯ ಮೇಲೆ ಎಚ್ಚರದಿಂದ ಇರಬೇಕು. ದುರ್ಗಪ್ಪನ ಅಪ್ಪನಿಗೆ ಅದು ಗೊತ್ತಿತ್ತು.

ಬುಟ್ಟಿಯಲ್ಲಿ ಒಬ್ಬರು ಎದ್ದರೆ ಬುಟ್ಟಿ ಏನು ಮಾಡಬೇಕೋ ಅದನ್ನೇ ಮಾಡಿತು. ಆಕಾಶ ಎಡಗಡೆಗೆ ಹೋಯಿತು. ಮೂಗಿನಲ್ಲಿ ನೀರು, ಬಾಯಲ್ಲಿ ನೀರು, ಕೋಟಿನ ತೋಳಿನಲ್ಲಿ ನೀರು. ಇಳಕಲ್ಲಿನ ಬಾವಿಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವನಾದ್ದರಿಂದ ಮೇಲೆ ಬಂದೆ. ಬೋರಲು ಬಿದ್ದ ಹರಗೋಲು ಆಮೆಯ ಬೆನ್ನಿನಂತೆ ತೇಲುತ್ತಿತ್ತು. ಅದರ ಅಂಚಿಗೆ ಒಂದು ಕೈಯಿಂದ ಜೋತುಬಿದ್ದು ಅತ್ತೆ ಉಸಿರೆಳೆಯುತ್ತಿದ್ದಳು. ಆ ಕೈಯನ್ನು ಅಲ್ಲಿಟ್ಟವನು ದುರ್ಗಪ್ಪ. ಅತ್ತೆಗೆ ಈಜು ಬಾರದು. ಇನ್ನೊಂದು ಕೈ ಇನ್ನೂ ಕರಡಿಗೆಯನ್ನೇ ಹಿಡಿದಿತ್ತು.

"ಅವ್ವಾರ, ಲಿಂಗ ಕೊರಳಾಗ ಐತ್ರಿ. ಎಲ್ಲಿಗೂ ಹೋಗೂದಿಲ್ಲ. ಎರಡೂ ಕೈ ಇತ್ತ ಕೊಡ್ರಿ," ಎಂದ ದುರ್ಗಪ್ಪ, ಪಡಸಾಲೆಯಲ್ಲಿ ಕುಳಿತು ಮಾತಾಡುವ ದನಿಯಲ್ಲಿ. ಅವಳ ಎರಡೂ ಕೈಗಳನ್ನು ನನ್ನ ಹೆಗಲ ಮೇಲಿಟ್ಟು ಹರಗೋಲಿನ ಅಂಚಿನ ಕೆಳಗೆ ನುಸುಳಿದ. ಒಂದು ಸಲ ಮೈಯೆಲ್ಲ ಸೆಟೆಸಿ ಒದ್ದ. ಹರಗೋಲು ಮಗುಚಿ ನೆಟ್ಟಗಾಯಿತು, ಒಳಗೆ ಮೊಣಕಾಲುದ್ದ ನೀರು.

ಈಗ ಹತ್ತಬೇಕು. ಹತ್ತಿ ಅತ್ತೆಯನ್ನು ಮೇಲೆಳೆದುಕೊಳ್ಳೋಣವೆಂದು, ಅವಳ ಕೈಗಳನ್ನು ಅಂಚಿಗೆ ಹಿಡಿಸಿ, ನಾನು ಬಂಡಿ ಹತ್ತುವ ಹಾಗೆ ಕೈಯೂರಿ ಒಂದು ಕಾಲೆತ್ತಿದೆ. ನನ್ನ ಕಡೆಯ ಅಂಚು ಕೆಳಗೆ ಬಂತು, ಎದುರಿನ ಅಂಚು ಎದ್ದು ನನ್ನ ತಲೆಯ ಮೇಲೆ ಬಂತು. ಎರಡನೆಯ ಸಲ ನೀರು ಕುಡಿದೆ. ದುರ್ಗಪ್ಪ ಅತ್ತೆಯನ್ನು ಮತ್ತೆ ನನ್ನ ಹೆಗಲಿಗೆ ಕೊಟ್ಟು ಎರಡನೆಯ ಸಲ ಅದನ್ನು ನೆಟ್ಟಗೆ ಮಾಡಿದ.

"ಇದು ಕುದರಿ ಅಲ್ರಿ, ಸಾಹೇಬ. ಅವ್ವಾರು ಮೊದಲ. ನೀವು ಅವರ ಹಿಂದ ಇರ್ರಿ." ಅವನು ಈಜಿ ಎದುರಿನ ಅಂಚಿಗೆ ಹೋದ. ಅದಕ್ಕೆ ಕಂಕುಳು ಕೊಟ್ಟು ಜೋತುಬಿದ್ದ. ಆ ಕಡೆ ಅವನ ತೂಕ, ಈ ಕಡೆ ಅತ್ತೆಯ ತೂಕ. ಅದೇ ಅದರ ಗುಟ್ಟು. "ಅವ್ವಾರ, ನಿಲ್ಲಬ್ಯಾಡ್ರಿ. ನೀರಿನ ಮ್ಯಾಲೆ ಉದ್ದಕ್ಕ ಮಲಗ್ರಿ. ಕಾಲು ಬಡೀರಿ. ಹೊಟ್ಟಿ ಮ್ಯಾಲೆ ಜಾರಿ ಬರ್ರಿ. ಮೀನ ಬಂದಂಗ."

ಅಂಥ ಹೊತ್ತಿನಲ್ಲೂ ಅತ್ತೆ, "ಶಿವನ, ಮೀನಾಗು ಅಂತಾನಲ್ಲೋ," ಎಂದಳು. ಆಮೇಲೆ ಮಲಗಿದಳು. ಕಾಲು ಬಡಿದಳು. ಒಂಬತ್ತು ಗಜದ ಸೀರೆ ನೀರು ಕುಡಿದು ಕಲ್ಲಾಗಿತ್ತು, ಎದೆ ಅಂಚಿಗೇರಿ ಮತ್ತೆ ಜಾರಿತು. ನಾನು ಕೆಳಗಿನಿಂದ ನೂಕಿದೆ. ಮತ್ತೆ ಜಾರಿತು. ಅವಳ ಬೆರಳುಗಳು ಬೆಳ್ಳಗಾಗಿದ್ದವು. ನಾನು ಏನೇನೋ ಕೂಗುತ್ತಿದ್ದೆ. ಏನೆಂದು ನೆನಪಿಲ್ಲ, ನೆನಪಿದ್ದರೂ ಬರೆಯುವಂಥದ್ದಲ್ಲ.

"ಸೆರಗು ಒಗೀರಿ, ಅವ್ವಾರ. ನನ್ನ ಕೈಗೆ ಒಗೀರಿ."

ಗಂಡಸರೆದುರು ತಲೆಯ ಮೇಲಿನ ಸೆರಗು ಜಾರಿದರೆ ಮಾತು ನಿಲ್ಲಿಸುತ್ತಿದ್ದ ಹೆಂಗಸು ಅವಳು. ಒಂದು ಗಳಿಗೆ ಅವನನ್ನು ನೋಡಿದಳು. ಸೆರಗನ್ನು ಎಳೆದು ಹರಗೋಲಿನ ಅಡ್ಡಕ್ಕೆ ಒಗೆದಳು. ಕೆಂಪು ರೇಷ್ಮೆ ಚಾಚಿಕೊಂಡು ಎದುರಿನ ಅಂಚಿನ ಮೇಲೆ ಬಿತ್ತು. ದುರ್ಗಪ್ಪ ಅದನ್ನು ಮುಂಗೈಗೆ ಸುತ್ತಿಕೊಂಡು ಒಂದು ಸಲ ಜಗ್ಗಿ ನೋಡಿ ತಡೆದ.

"ಜೋಡಿನ ಜಾಗಾಕ್ಕ ಹರೀತೈತೇನೋ, ಅವ್ವಾರ."

"ಜಗ್ಗು," ಎಂದಳು ಅತ್ತೆ. "ಕೊಂಡಿ ನಾ ಹಾಕೀನಿ."

ಜಗ್ಗಿದ. ಹತ್ತಿಗೂ ರೇಷ್ಮೆಗೂ ನಡುವೆ, ಅವಳು ಒಂದೊಂದಾಗಿ ಹಾಕಿದ ಆ ಸಾವಿರಾರು ಕುಣಿಕೆಗಳ ಮೇಲೆ, ಅವಳ ಭಾರವೆಲ್ಲ ಬಿತ್ತು. ನಾನು ನೂಕಿದೆ. ಅತ್ತೆ ಹೊಟ್ಟೆಯ ಮೇಲೆ ಜಾರುತ್ತ ಒಳಗೆ ಹೋಗಿ ಬಿದ್ದಳು. ಒಂದು ಕುಣಿಕೆಯೂ ಬಿಚ್ಚಲಿಲ್ಲ. ನಾನು ಹಾಕಿದ ಕೊಂಡಿಗಳು ಆ ಸೀರೆಯಲ್ಲಿ ಇದ್ದಿದ್ದರೆ ಎಂದು ಇವತ್ತಿಗೂ ನಡುಗುತ್ತೇನೆ.

ಆಮೇಲೆ ನಾನು ಹೊಟ್ಟೆಯ ಮೇಲೆಯೇ ಹತ್ತಿದೆ. ದುರ್ಗಪ್ಪ ಹೇಗೆ ಹತ್ತಿದನೋ ಕಾಣಲಿಲ್ಲ. ನೀರಿನಲ್ಲಿದ್ದ, ಆಮೇಲೆ ಒಳಗಿದ್ದ. ತೇಲಿಬಂದ ನನ್ನ ಪುಣೆಯ ಟೋಪಿಯಿಂದ ಅತ್ತೆ ನೀರು ಗೋರಿ ಚೆಲ್ಲಿದಳು. ಆ ಟೋಪಿ ನನ್ನ ತಲೆಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಆಗಲೇ. ಗೋರುತ್ತ ಗೋರುತ್ತ ಸೀರೆಯ ನಿರಿಗೆಯಲ್ಲಿ ಏನೋ ಮಿಸುಕಿದಂತಾಗಿ ನೋಡಿದಳು. ಬೆರಳುದ್ದದ ಒಂದು ಮೀನು. ಮುಂಜಾನೆಯ ಬೇಟೆಯೆಲ್ಲ ಹೊಳೆಗೆ ಹೋಗಿ ಉಳಿದದ್ದು ಅದೊಂದೇ. ಅತ್ತೆ ಅದನ್ನು ಅಂಗೈಯಲ್ಲಿ ಎತ್ತಿಕೊಂಡಳು.

"ಇದು ನಿಂದಪಾ. ಇಡ್ಲ್ಯೋ, ಬಿಡ್ಲ್ಯೋ?"

"ಬಿಡ್ರಿ," ಎಂದ ದುರ್ಗಪ್ಪ.

ಆಚೆಯ ದಂಡೆ ಮುಟ್ಟಿದಾಗ ಅಲ್ಲಿ ಸಾವಕಾರರು ನಿಂತಿದ್ದರು. ದೊಡ್ಡ ರುಮಾಲು, ದೊಡ್ಡ ಹೊಟ್ಟೆ, ದೊಡ್ಡ ದನಿ. ಅವರ ನೂಲಿನ ಗಂಟುಗಳು ವಾರಕ್ಕೆರಡು ಸಲ ಆ ಹೊಳೆ ದಾಟುತ್ತಿದ್ದವು. ಆದ್ದರಿಂದ ಅವರ ಮಾತು ಎರಡೂ ದಂಡೆಗಳಲ್ಲಿ ನಡೆಯುತ್ತಿತ್ತು. ಬೀಗರಾಗಬೇಕಾದವರು ಬಟ್ಟೆ ಹಿಂಡುತ್ತ ಇಳಿದದ್ದನ್ನು ಕಂಡು ಅವರಿಗೆ ಬೆಂಕಿ ಹತ್ತಿತ್ತು.

"ಲೇ ಅಂಬಿಗ, ಯಾರನ್ನ ಕುಂದ್ರಿಸಿಕೊಂಡೀನಿ ಅಂಬೂದು ಖಬರ ಇತ್ತೇನ ನಿನಗ?"

"ನಾನ ಎದ್ದೆರಿ," ಎಂದಳು ಅತ್ತೆ, ಚಳಿಗೆ ಹಲ್ಲು ಕಡಿಯುತ್ತ.

"ಹೆಣ್ಣಮಕ್ಕಳು ಅಂಜಿ ಏಳತಾರ. ನೋಡಿಕೊಳ್ಳಬೇಕಾದವ ಇವ."

ದುರ್ಗಪ್ಪ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಹೇಳುತ್ತಿದ್ದೆನೇನೋ ಎಂದು ಬಹಳ ಸಲ ಅಂದುಕೊಂಡಿದ್ದೇನೆ. ಅದು ನನಗೆ ನಾನು ಕೊಟ್ಟುಕೊಂಡ ರಿಯಾಯಿತಿ. "ಹುಟ್ಟು ನನ್ನ ಕೈಯಾಗಿತ್ರಿ," ಎಂದ ಅವನು. "ತಪ್ಪು ನಂದು."

"ನಮ್ಮ ಮಂದಿ ಇನ್ನ ಇವನ ಹರಗೋಲು ಹತ್ತಬಾರದು," ಎಂದು ಸಾವಕಾರರು ಅಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು. ನಲವತ್ತು ವರ್ಷ ಅಷ್ಟರಲ್ಲಿ ಮುಗಿಯಿತು. ನಾನು ಟೋಪಿಯಿಂದ ನೀರು ಹಿಂಡುತ್ತಿದ್ದೆ. ಮೀನು ಎಣಿಸಿ ಹರಗೋಲು ಬೋರಲು ಹಾಕಿದ ಅಳಿಯ ಎನ್ನಿಸಿಕೊಳ್ಳಲು ಮನಸ್ಸಿರಲಿಲ್ಲ.

ಬಾದಾಮಿಯಲ್ಲಿ ಮೂರು ದಿನ ಇದ್ದೆವು. ಹುಡುಗಿಯನ್ನು ನೋಡಿದೆ ಎಂದು ಬರೆಯಬೇಕು, ನಿಜವಾಗಿ ನೋಡಿದ್ದು ಅವಳು ಹಿಡಿದ ಅಡಿಕೆಯ ತಟ್ಟೆಯನ್ನು. ಊಟಕ್ಕೆ ಕೂತಾಗಲೆಲ್ಲ ಸಾವಕಾರರು ಬಂದವರಿಗೆ ಅಂಬಿಗನ ಕತೆ ಹೇಳುತ್ತಿದ್ದರು. ಪ್ರತಿ ಸಲವೂ ದುರ್ಗಪ್ಪ ಸ್ವಲ್ಪ ಹೆಚ್ಚು ಕುಡಿದಿರುತ್ತಿದ್ದ, ಮೂರನೆಯ ದಿನಕ್ಕೆ ತೂಕಡಿಸುತ್ತಲೂ ಇದ್ದ. ಹೋಳಿಗೆ ಚೆನ್ನಾಗಿತ್ತೆಂದು ದಿನಚರಿ ಹೇಳುತ್ತದೆ. ನನ್ನ ಬಾಯಿಗೆ ರುಚಿ ಹತ್ತಿದ ನೆನಪಿಲ್ಲ.

ಹೊರಡುವ ಮುಂಜಾನೆ ಅತ್ತೆ ಒಣಗಿದ ಸೀರೆ ಮಡಚುತ್ತಿದ್ದಳು. ನಾನು ಇನ್ನೊಂದು ತುದಿ ಹಿಡಿದಿದ್ದೆ.

"ಅತ್ತಿ, ಆವತ್ತ ಹೊಳ್ಯಾಗ ನಾನು..."

"ನನಗ ಯಾಕ ಹೇಳ್ತಿ? ನಿನ್ನ ದನಿ ನನಗ ಗೊತ್ತಿಲ್ಲೇನು?" ಎಂದು ಅಂಚಿಗೆ ಅಂಚು ಕೂಡಿಸಿದಳು. "ತುದಿ ನೆಟ್ಟಗ ಹಿಡಿ."

ನಮ್ಮನ್ನು ದಾಟಿಸಿ ಬರಲು ಸಾವಕಾರರು ತಾವೇ ಹೊಳೆಯವರೆಗೆ ಬಂದರು. ದೊಡ್ಡ ಹರಗೋಲಿಗೆ ಹೊಸ ಚರ್ಮ ಬಿದ್ದಿತ್ತು, ಮಂದಿ ಆಗಲೇ ಹತ್ತಿ ಕುಳಿತಿದ್ದರು. ದೂರದಲ್ಲಿ ದುರ್ಗಪ್ಪ ಖಾಲಿ ಹರಗೋಲಿನ ಪಕ್ಕ ಕುಳಿತು ಬಲೆ ಹೆಣೆಯುತ್ತಿದ್ದ. ತಲೆ ಎತ್ತಲಿಲ್ಲ. ಅತ್ತೆ ದೊಡ್ಡ ಹರಗೋಲನ್ನು ದಾಟಿ ನೆಟ್ಟಗೆ ಅತ್ತ ನಡೆದಳು.

"ಅವ್ವಾರ, ಅದಲ್ರಿ, ಇದು," ಎಂದರು ಸಾವಕಾರರು.

"ನನಗ ಅದನ್ನ ಹತ್ತೂದು ಗೊತ್ತಾಗೇತ್ರಿ. ಮತ್ತ ಹೊಸಾದು ಯಾರು ಕಲೀಬೇಕು?"

ಸೀರೆಯ ಅಂಚು ಎತ್ತಿ ಹಿಡಿದು ಒಳಗಿಳಿದು ಕುಳಿತಳು. ದೊಡ್ಡ ಹರಗೋಲಿನಲ್ಲಿ ಯಾರೋ ನಕ್ಕರು. "ಅಜ್ಜಿ ಮತ್ತೊಮ್ಮಿ ಜಳಕ ಮಾಡಾಕ ಹೊಂಟಾಳ್ರಿ."

ಆಗ ನಾನು ಹೇಳಿದೆ. ನಾನು ಸ್ಪಷ್ಟವಾಗಿ, ಧೈರ್ಯವಾಗಿ ಹೇಳಿದೆನೆಂದು ನನ್ನ ನೆನಪು. ಆದರೆ ಗೌರವ್ವ ತನ್ನ ಅಪ್ಪನಿಂದ ಕೇಳಿದ ಪ್ರಕಾರ ನನ್ನ ದನಿ ಗಂಟಲಿನಿಂದ ಈಚೆಗೇ ಬಂದಿರಲಿಲ್ಲ, ಅವರು "ಏನಂದಿ?" ಎಂದು ಎರಡು ಸಲ ಕೇಳಬೇಕಾಯಿತಂತೆ. ಮೂರನೆಯ ಸಲ ಮಾತ್ರ ಎರಡೂ ದಂಡೆಗಳಿಗೆ ಕೇಳಿಸಿತಂತೆ. ಅವಳ ಮಾತೇ ನಿಜವಿರಬೇಕು.

"ಆವತ್ತ ಏಳು ಅಂದವ ನಾನ್ರಿ. ಅನಬ್ಯಾಡ ಅಂತ ಅವ ಹೇಳಿದ್ದ. ಮೀನ ಎಣಸಾಕ ಹೋಗಿ ನಾ ಅಂದೆ. ಅತ್ತಿ ಎದ್ದಳು. ದುರ್ಗಪ್ಪ ಇಲ್ಲದಿದ್ರ ಅಕಿ ಉಳೀತಿದ್ದಿಲ್ಲ. ನಾ ಸುಮ್ಮ ನಿಂತಿದ್ದೆ."

ದುರ್ಗಪ್ಪನ ಬಲೆ ಹೆಣೆಯುವ ಕೈ ನಿಂತಿತು. ಸಾವಕಾರರು ನನ್ನನ್ನು ನೋಡಿದರು. ಸಂಬಂಧ ಮುರಿಯಿತೆಂದು ನಾನು ಖಚಿತ ಮಾಡಿಕೊಂಡೆ. ಅವರು ದೊಡ್ಡ ಹರಗೋಲಿನವರ ಕಡೆ ತಿರುಗಿ, "ನೀವು ನಡೀರಿ," ಎಂದರು. ಕಾಲಿನ ಮೆಟ್ಟುಗಳನ್ನು ಕಳಚಿ ಮರಳಿನ ಮೇಲೆ ಜೋಡಿಸಿಟ್ಟರು. ಧೋತರ ಎತ್ತಿಕಟ್ಟಿ ನೀರಿಗಿಳಿದು ಆ ಸಣ್ಣ ಹರಗೋಲಿನ ಅಂಚನ್ನು ಹಿಡಿದು ನಿಂತರು. ಬಾದಾಮಿಯ ಪೇಟೆಯಲ್ಲಿ ಅವರು ಬಂದರೆ ಮಂದಿ ತಾವಾಗಿ ಎದ್ದು ಜಾಗ ಬಿಡುತ್ತಿದ್ದರು. ಎಲ್ಲಿ ಕೂರಬೇಕೆಂದು ಯಾರನ್ನೂ ಕೇಳಿದ ಮನುಷ್ಯರಲ್ಲ.

"ದುರ್ಗಪ್ಪ," ಎಂದರು, "ನಾ ಎಲ್ಲಿ ಕುಂದರಲಿ?"

ದುರ್ಗಪ್ಪ ಬಲೆಯನ್ನು ಕೆಳಗಿಟ್ಟು ಎದ್ದು ಬಂದ. ತಲೆಗೆ ಸುತ್ತಿದ ವಸ್ತ್ರ ಬಿಚ್ಚಿ ಹರಗೋಲಿನ ತಳವನ್ನು ಒಂದು ಸುತ್ತು ಒರೆಸಿದ. ಅವರ ಹೊಟ್ಟೆಯನ್ನೂ ಅತ್ತೆಯ ಬಡಕಲು ಮೈಯನ್ನೂ ಕಣ್ಣಿನಲ್ಲೇ ತೂಗಿ ನೋಡಿದ.

"ಇಲ್ಲಿ ನಡುವ ಬರ್ರಿ, ಸಾವಕಾರ್ರ," ಎಂದ. "ನಿಧಾನಕ್ಕ."